ಕಾಲನಿದ್ರೆಯಿಂದ ಎಚ್ಚತ್ತವನ ಕಾಲನಿರ್ಣಯ: ಪುಣಜನೂರಿನ ಕಾಡನ್ನು ನೆಲೆಯಾಗಿಟ್ಟುಕೊಂಡು ಒಂದು ವಿವೇಚನೆ

೧. ವಿಷಯ

ಬಹುಕಾಲ ನಿದ್ರಿಸಿ, ತಾನರಿಯದ ಮುಂದಿನ ಯುಗವೊಂದರಲ್ಲಿ ಕಣ್ದೆರೆಯುವ ಮನುಷ್ಯನ ಕಥೆಯು ಲೋಕದ ಅನೇಕ ಸಾಹಿತ್ಯಗಳಲ್ಲಿ ಕಂಡುಬರುವ ಹಳೆಯದೊಂದು ಆಶಯ. ವೈಜ್ಞಾನಿಕ ಕಾದಂಬರಿಗಳಲ್ಲಿ, ವಿಶೇಷವಾಗಿ ಹದಿಹರೆಯದ ವಾಚಕರಿಗಾಗಿ ಬರೆದ ಸಾಹಸಕಥೆಗಳಲ್ಲಿ, ಈ ಆಶಯವು ಇಂದಿಗೂ ಮತ್ತೆ ಮತ್ತೆ ತಲೆದೋರುತ್ತಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಂಥ ಕಥೆಗಳನ್ನು ಬಹುಮಟ್ಟಿಗೆ ಪರಭಾಷೆಯಲ್ಲಿ ಓದುತ್ತಾರೆ. ಅಧ್ಯಾಪಕರು ಅವನ್ನು ಬಿಡುವಿನ ಓದೆಂದು ಬದಿಗಿರಿಸುವುದುಂಟು. ಆದರೆ ಈ ಕಥೆಗಳ ಒಳಗೆ ಸಾಹಿತ್ಯ, ವಿಜ್ಞಾನ, ಭಾಷಾಶಾಸ್ತ್ರ ಈ ಮೂರೂ ಕೂಡಿ ವಿಚಾರಮಾಡಬೇಕಾದ ಒಂದು ಪ್ರಶ್ನೆಯು ಅಡಗಿದೆ. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಂಥ ಕಥೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿಯು ಎದ್ದು ಕಾಣುತ್ತದೆ. ನಿದ್ರೆಯು ಹೇಗೆ ಬಂದಿತೆಂಬುದನ್ನು ಕಥೆಗಾರನು ಎರಡು ಮಾತಿನಲ್ಲಿ ಮುಗಿಸಬಹುದು. ವರ, ಶಾಪ, ಮದ್ದು, ಯಂತ್ರ, ಯಾವುದಾದರೂ ಸಾಕು, ಓದುಗನು ಒಪ್ಪಿಕೊಳ್ಳುತ್ತಾನೆ. ಆದರೆ ಎಚ್ಚತ್ತವನು ತಾನು ಎಷ್ಟು ಕಾಲ ಮಲಗಿದ್ದೆನೆಂಬುದನ್ನು ಅರಿಯುವ ಬಗೆಯು ಹಾಗಲ್ಲ. ಅಲ್ಲಿ ಕಥೆಗಾರನು ಸಾಕ್ಷ್ಯವನ್ನು ಒದಗಿಸಬೇಕು. ಆ ಸಾಕ್ಷ್ಯವು ಓದುಗನಿಗೆ ಒಪ್ಪಿಗೆಯಾಗಬೇಕು. ಕಥೆಯ ಉಳಿದ ಭಾಗವೆಲ್ಲ ಈ ಕಾಲನಿರ್ಣಯದ ಮೇಲೆಯೇ ನಿಲ್ಲುತ್ತದೆ.

ಈ ವಿವೇಚನೆಗೆ ನಾವು ಒಂದು ನಿರ್ದಿಷ್ಟವಾದ ನೆಲೆಯನ್ನು ಆರಿಸಿಕೊಂಡಿದ್ದೇವೆ. ಪುಣಜನೂರು ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯ ಮೇಲೆ, ತಮಿಳುನಾಡಿನ ಗಡಿಗೆ ಸಮೀಪದಲ್ಲಿರುವ ಕಾಡಂಚಿನ ಊರು. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಅರಣ್ಯ ವಲಯವೊಂದಕ್ಕೆ ಇದೇ ಹೆಸರಿದೆ. ಬಿಳಿಗಿರಿಯ ಕಾಡಿನಿಂದ ತಲಮಲೆಯ ಕಡೆಗೆ ಆನೆಗಳು ದಾಟುವ ದಾರಿಯು ಇಲ್ಲಿದೆ. ಸುತ್ತಲಿನ ಪೋಡುಗಳಲ್ಲಿ ಸೋಲಿಗರು ವಾಸವಾಗಿದ್ದಾರೆ. ಈ ಊರಿನ ಹದಿನಾರು ವರ್ಷದ ಹುಡುಗನೊಬ್ಬನು ಇಲ್ಲಿಯ ಬೆಟ್ಟದ ಗವಿಯಲ್ಲಿ ನಿದ್ರೆಹೋಗಿ, ಬಹುಕಾಲದ ಮೇಲೆ ಎದ್ದನೆಂದು ಊಹಿಸೋಣ. ಅವನ ಬಳಿ ಗಡಿಯಾರವಿಲ್ಲ, ಪಂಚಾಂಗವಿಲ್ಲ, ಕೇಳಲು ಜನರಿಲ್ಲ. ಅವನು ಏನನ್ನು ನೋಡಿ ಕಾಲವನ್ನು ಅಳೆಯಬೇಕು?

೨. ಪೂರ್ವಕಥೆಗಳು

ಈ ಪ್ರಶ್ನೆಯನ್ನು ನಮ್ಮ ಪುರಾಣಗಳು ಸ್ಪಷ್ಟವಾಗಿಯೇ ಎತ್ತಿವೆ. ಮಾಂಧಾತನ ಮಗನಾದ ಮುಚುಕುಂದನು ದೇವತೆಗಳಿಗೆ ಯುದ್ಧದಲ್ಲಿ ನೆರವಾಗಿ, ದಣಿದು, ದೀರ್ಘನಿದ್ರೆಯನ್ನೇ ವರವಾಗಿ ಪಡೆದನು. ಕೃಷ್ಣನನ್ನು ಬೆನ್ನಟ್ಟಿ ಗವಿಯನ್ನು ಹೊಕ್ಕ ಕಾಲಯವನನು ಅವನನ್ನು ಒದ್ದೆಬ್ಬಿಸಿ, ಅವನ ನೋಟದಿಂದಲೇ ಬೂದಿಯಾದನು. ಈ ಭಾಗವು ಎಲ್ಲರಿಗೂ ತಿಳಿದದ್ದು. ಅದರ ಮುಂದಿನ ವಿವರವನ್ನು ಗಮನಿಸುವವರು ಕಡಮೆ. ಗವಿಯಿಂದ ಹೊರಬಂದ ಮುಚುಕುಂದನು ಮನುಷ್ಯರು ಕುಳ್ಳಾಗಿರುವುದನ್ನು ಕಂಡು, ಕಲಿಯುಗವು ಬಂದಿತೆಂದು ತಾನೇ ನಿಶ್ಚಯಿಸಿಕೊಂಡನೆಂದು ವಿಷ್ಣುಪುರಾಣವು ಹೇಳುತ್ತದೆ. ಭಾಗವತವು ಮನುಷ್ಯರೊಡನೆ ಪಶುಗಳನ್ನೂ ಗಿಡಮರಗಳನ್ನೂ ಸೇರಿಸುತ್ತದೆ. ಯಾರೂ ಅವನಿಗೆ ಕಾಲವನ್ನು ಹೇಳಲಿಲ್ಲ. ಸುತ್ತಲಿನ ಜೀವಿಗಳ ಅಳತೆಯಿಂದ ಅವನು ಅದನ್ನು ಅನುಮಾನಿಸಿದನು.

ರೈವತ ಕಕುದ್ಮಿಯ ಕಥೆಯಲ್ಲಿ ನಿದ್ರೆಯಿಲ್ಲ, ಪ್ರಯಾಣವಿದೆ. ಮಗಳಾದ ರೇವತಿಗೆ ವರನನ್ನು ಕೇಳಲು ಅವನು ಬ್ರಹ್ಮನ ಸಭೆಗೆ ಹೋಗಿ, ಗಂಧರ್ವರ ಗಾನ ಮುಗಿಯುವವರೆಗೆ ಕಾದನು. ಅಷ್ಟರಲ್ಲಿ ಭೂಮಿಯ ಮೇಲೆ ೨೭ ಚತುರ್ಯುಗಗಳು ಕಳೆದಿದ್ದುವೆಂದು ಭಾಗವತದ ಲೆಕ್ಕ. ಒಂದು ಚತುರ್ಯುಗಕ್ಕೆ ೪೩,೨೦,೦೦೦ ವರ್ಷಗಳಾದುದರಿಂದ ಇದು ೧೧ ಕೋಟಿ ೬೬ ಲಕ್ಷ ೪೦ ಸಾವಿರ ವರ್ಷಗಳಾಗುತ್ತದೆ. ಇಲ್ಲಿ ಕಾಲವನ್ನು ತಿಳಿಸಿದವನು ಬ್ರಹ್ಮ. ರೇವತಿಯು ಹೊಸ ಯುಗದವರಿಗಿಂತ ಬಹಳ ಎತ್ತರವಾಗಿದ್ದಳೆಂದೂ ಬಲರಾಮನು ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿದನೆಂದೂ ವಿಷ್ಣುಪುರಾಣದಲ್ಲಿದೆ. ಹೊಸ ಕಾಲಕ್ಕೆ ಬಂದವರು ಆ ಕಾಲದ ಅಳತೆಗೆ ಹೊಂದಿಕೊಳ್ಳಬೇಕಾದ ಕಷ್ಟವನ್ನು ಈ ವಿವರವು ಸೂಚಿಸುತ್ತದೆ.

ಪಶ್ಚಿಮ ಏಷ್ಯದ ಏಳು ಮಂದಿ ನಿದ್ರಿತರ ಕಥೆಯು ಕ್ರೈಸ್ತರಲ್ಲಿಯೂ ಮುಸಲ್ಮಾನರಲ್ಲಿಯೂ ಪ್ರಸಿದ್ಧವಾದುದು. ಗವಿಯಲ್ಲಿ ಮಲಗಿ ಎದ್ದವರಲ್ಲಿ ಒಬ್ಬನು ಆಹಾರವನ್ನು ಕೊಳ್ಳಲು ಪೇಟೆಗೆ ಹೋಗುತ್ತಾನೆ. ಅವನು ಕೊಟ್ಟ ಹಳೆಯ ನಾಣ್ಯವು ಗುಟ್ಟನ್ನು ಹೊರಗೆಡಹುತ್ತದೆ. ಅಮೆರಿಕದ ವಾಷಿಂಗ್ಟನ್ ಇರ್ವಿಂಗನು ೧೮೧೯ರಲ್ಲಿ ಪ್ರಕಟಿಸಿದ ಕಥೆಯಲ್ಲಿ ರಿಪ್ ವ್ಯಾನ್ ವಿಂಕಲನು ಇಪ್ಪತ್ತು ವರ್ಷ ಮಲಗಿ ಎದ್ದಾಗ, ಊರ ಹೋಟಲಿನ ಹಲಗೆಯ ಮೇಲಿದ್ದ ದೊರೆಯ ಚಿತ್ರವು ಸೇನಾನಿ ವಾಷಿಂಗ್ಟನ್ನನ ಚಿತ್ರವಾಗಿ ಮಾರ್ಪಟ್ಟಿರುತ್ತದೆ. ಆ ಹಲಗೆಯೊಂದೇ ದೇಶದ ಕ್ರಾಂತಿಯನ್ನು ತಿಳಿಸುತ್ತದೆ.

ಮಹಾಭಾರತದ ವನಪರ್ವದಲ್ಲಿ ಬರುವ ಇಂದ್ರದ್ಯುಮ್ನನ ಕಥೆಯು ಬೇರೊಂದು ದಾರಿಯನ್ನು ಹಿಡಿಯುತ್ತದೆ. ಭೂಮಿಯಲ್ಲಿ ತನ್ನ ಕೀರ್ತಿಯು ಅಳಿದುದರಿಂದ ಅವನು ಸ್ವರ್ಗದಿಂದ ಬಿದ್ದನು. ತನ್ನನ್ನು ಬಲ್ಲಿರಾ ಎಂದು ಮಾರ್ಕಂಡೇಯನನ್ನು ಕೇಳಿದನು, ಅವನು ಅರಿಯೆನೆಂದನು. ಮಾರ್ಕಂಡೇಯನಿಗಿಂತ ಹಿರಿಯದಾದ ಗೂಬೆ, ಗೂಬೆಗಿಂತ ಹಿರಿಯದಾದ ನಾಡೀಜಂಘನೆಂಬ ಕೊಕ್ಕರೆ, ಹೀಗೆ ಒಬ್ಬರಿಂದೊಬ್ಬರ ಬಳಿಗೆ ಹೋಗಿ, ಕೊನೆಗೆ ಅಕೂಪಾರನೆಂಬ ಆಮೆಯಲ್ಲಿ ಅವನಿಗೆ ಸಾಕ್ಷಿಯು ದೊರೆಯಿತು. ತಾನು ವಾಸಮಾಡುವ ಸರೋವರವು ಆ ರಾಜನು ದಾನಕೊಟ್ಟ ಗೋವುಗಳ ಗೊರಸಿನಿಂದ ಆದುದೆಂದು ಆಮೆಯು ಕಣ್ಣೀರಿಟ್ಟು ಹೇಳಿತು.

ಈ ಕಥೆಗಳಿಂದ ಸಾಕ್ಷ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮುಚುಕುಂದನಿಗೆ ದೊರೆತದ್ದು ಪ್ರಕೃತಿಯ ಸಾಕ್ಷ್ಯ. ನಾಣ್ಯವೂ ಹಲಗೆಯೂ ಮನುಷ್ಯಕೃತ ವಸ್ತುಗಳ ಸಾಕ್ಷ್ಯ. ಇಂದ್ರದ್ಯುಮ್ನನಿಗೆ ದೊರೆತದ್ದು ನೆನಪುಳ್ಳ ಜೀವಿಯ ಸಾಕ್ಷ್ಯ.

ಹದಿನೆಂಟನೆಯ ಶತಮಾನದಿಂದೀಚೆಗೆ ಈ ಆಶಯವು ಸಮಾಜವಿಮರ್ಶೆಯ ಸಾಧನವಾಯಿತು. ಫ್ರೆಂಚ್ ಲೇಖಕ ಮೆರ್ಸಿಯೆಯು ೧೭೭೧ರಲ್ಲಿ ತನ್ನ ನಾಯಕನನ್ನು ೨೪೪೦ನೆಯ ಇಸವಿಯ ಪ್ಯಾರಿಸಿನಲ್ಲಿ ಎಬ್ಬಿಸಿದನು. ೧೮೮೮ರಲ್ಲಿ ಬೆಲ್ಲಮಿಯು ೧೮೮೭ರಲ್ಲಿ ಮಲಗಿದವನನ್ನು ೨೦೦೦ದ ಬಾಸ್ಟನಿನಲ್ಲಿ ಎಬ್ಬಿಸಿದನು. ೧೮೯೯ರಲ್ಲಿ ವೆಲ್ಸನ ನಾಯಕನು ೨೦೩ ವರ್ಷ ನಿದ್ರಿಸಿ, ತನ್ನ ಹೆಸರಿನಲ್ಲಿಯೇ ಲೋಕವು ಆಳಲ್ಪಡುತ್ತಿರುವುದನ್ನು ಕಂಡನು. ೧೯೦೫ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ರೊಕೆಯಾ ಸಖಾವತ್ ಹುಸೇನರು ಪ್ರಕಟಿಸಿದ ‘ಸುಲ್ತಾನಾಳ ಕನಸು’ ಸ್ತ್ರೀಯರು ವಿಜ್ಞಾನಬಲದಿಂದ ಆಳುವ ನಾಡೊಂದನ್ನು ಚಿತ್ರಿಸಿತು. ಅದು ಕನಸಿನ ಕಥೆಯಾದರೂ ಇದೇ ಕುಲಕ್ಕೆ ಸೇರಿದುದು. ಈ ಕೃತಿಗಳಲ್ಲಿ ಹೊಸ ಕಾಲದವನೊಬ್ಬನು ಎದುರು ನಿಂತು ಎಲ್ಲವನ್ನೂ ವಿವರಿಸುತ್ತಾನೆ. ಹಾಗಾಗಿ ಕಾಲನಿರ್ಣಯದ ಕಷ್ಟವು ಮರೆಯಾಗುತ್ತದೆ. ನಮ್ಮ ಪುಣಜನೂರಿನ ಹುಡುಗನಿಗೆ ಆ ಸೌಕರ್ಯವಿಲ್ಲ.

೩. ನಿದ್ರೆಯ ಸಾಧ್ಯಾಸಾಧ್ಯತೆ

ಇಂಥ ನಿದ್ರೆಯು ವಿಜ್ಞಾನಕ್ಕೆ ಸಮ್ಮತವೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಕೆಲವು ಜೀವಿಗಳಿಗೆ ಇದು ಸಾಧ್ಯವೆಂಬುದರಲ್ಲಿ ಸಂದೇಹವಿಲ್ಲ. ಚೀನದ ಒಣಗಿದ ಕೆರೆಯಂಗಳದಲ್ಲಿ ದೊರೆತ ಸುಮಾರು ೧,೩೦೦ ವರ್ಷ ಹಳೆಯ ತಾವರೆಯ ಬೀಜವು ಮೊಳೆತುದನ್ನು ೧೯೯೫ರಲ್ಲಿ ವರದಿಮಾಡಲಾಯಿತು. ಮೃತಸಮುದ್ರದ ಬಳಿಯ ಮಸಾದಾ ಕೋಟೆಯಲ್ಲಿ ಸಿಕ್ಕಿದ ಸುಮಾರು ೨,೦೦೦ ವರ್ಷದ ಖರ್ಜೂರದ ಬೀಜವು ೨೦೦೫ರಲ್ಲಿ ಮೊಳೆತು ಮರವಾಯಿತು. ಸೈಬೀರಿಯದ ಹೆಪ್ಪುಗಟ್ಟಿದ ನೆಲದಿಂದ ತೆಗೆದ, ಸುಮಾರು ೪೬,೦೦೦ ವರ್ಷ ಹಿಂದಿನ ದುಂಡುಹುಳುಗಳು ಮತ್ತೆ ಚಲಿಸಿ ಸಂತಾನವನ್ನು ಪಡೆದುವೆಂದು ೨೦೨೩ರಲ್ಲಿ ಪ್ರಕಟವಾಯಿತು. ಇವೆಲ್ಲವುಗಳಲ್ಲಿಯೂ ಜೀವದ ವ್ಯಾಪಾರವು ಬಹುಮಟ್ಟಿಗೆ ನಿಂತುಹೋಗಿರುತ್ತದೆ; ನೀರು ಇಂಗಿರುತ್ತದೆ ಅಥವಾ ಹೆಪ್ಪುಗಟ್ಟಿರುತ್ತದೆ.

ಮನುಷ್ಯದೇಹಕ್ಕೆ ಇದು ಒಗ್ಗುವುದಿಲ್ಲ. ದೇಹದ ನೀರು ಮಂಜುಗಡ್ಡೆಯಾಗುವಾಗ ಹರಳುಗಳು ಜೀವಕೋಶಗಳನ್ನು ಹರಿಯುತ್ತವೆ. ಹರಳಾಗದಂತೆ ಗಾಜಿನ ಹಾಗೆ ಘನೀಭವಿಸುವ ದ್ರವಗಳನ್ನು ಹೊಗಿಸಬಹುದು. ಆದರೆ ದೊಡ್ಡ ಅಂಗಗಳ ಎಲ್ಲ ಕಡೆಗೂ ಅವನ್ನು ಸಮನಾಗಿ ಮುಟ್ಟಿಸುವುದೂ, ಬಿರುಕುಬಿಡದಂತೆ ಮತ್ತೆ ಬೆಚ್ಚಗಾಗಿಸುವುದೂ ಕಷ್ಟ. ೧೯೬೭ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಸತ್ತವನೊಬ್ಬನ ದೇಹವನ್ನು ಮುಂದೆ ಬದುಕಿಸುವ ಆಶೆಯಿಂದ ಶೈತ್ಯದಲ್ಲಿರಿಸಿದರು. ಹೀಗೆ ಇರಿಸಿದ ಯಾರೂ ಎಚ್ಚತ್ತಿಲ್ಲ. ಆದರೆ ಮನುಷ್ಯಜೀವದ ಮೊದಲ ಅವಸ್ಥೆಯು ಈ ನಿದ್ರೆಯನ್ನು ತಡೆದುಕೊಳ್ಳಬಲ್ಲುದು: ೧೯೯೨ರಲ್ಲಿ ಶೈತ್ಯದಲ್ಲಿರಿಸಿದ ಭ್ರೂಣಗಳಿಂದ ೨೦೨೨ರಲ್ಲಿ ಅವಳಿ ಮಕ್ಕಳು ಹುಟ್ಟಿದರು. ಕೆಲವೇ ಕೋಶಗಳ ಜೀವಕ್ಕೆ ಸಾಧ್ಯವಾದುದು ಕೋಟಿ ಕೋಟಿ ಕೋಶಗಳ ದೇಹಕ್ಕೆ ಇನ್ನೂ ಸಾಧ್ಯವಾಗಿಲ್ಲ.

ಕಕುದ್ಮಿಯ ದಾರಿಗೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. ವೇಗವು ಹೆಚ್ಚಿದಂತೆ ಚಲಿಸುವವನ ಕಾಲವು ನಿಧಾನವಾಗುತ್ತದೆಂಬುದು ಐನ್‌ಸ್ಟೈನರ ಸಾಪೇಕ್ಷತಾವಾದದ ನಿಶ್ಚಿತ ಫಲ. ಬೆಳಕಿನ ವೇಗದ ನೂರರಲ್ಲಿ ೯೯ ಪಾಲು ವೇಗದಿಂದ ಚಲಿಸುವವನ ಒಂದು ವರ್ಷವು ಭೂಮಿಯ ಸುಮಾರು ಏಳು ವರ್ಷಗಳಿಗೆ ಸಮ. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ವಾಯುಮಂಡಲದ ಮೇಲುಗಡೆಯಲ್ಲಿ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣದ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ೨.೨ ಭಾಗ ಮಾತ್ರ. ಅಷ್ಟರಲ್ಲಿ ಬೆಳಕು ಕೂಡ ಹೋಗಬಲ್ಲುದು ಸುಮಾರು ೬೬೦ ಮೀಟರ್. ಆದರೂ ಹತ್ತಾರು ಕಿಲೋಮೀಟರ್ ಎತ್ತರದಿಂದ ಈ ಕಣಗಳು ನೆಲವನ್ನು ಮುಟ್ಟುತ್ತವೆ. ನಮ್ಮ ದೃಷ್ಟಿಗೆ ಅವುಗಳ ಕಾಲವು ಹಿಗ್ಗಿದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ೧೯೫೦ರ ದಶಕದಿಂದ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಈ ಕಣಗಳನ್ನು ಎಣಿಸಿದರು. ಅದೇ ಗಣಿಯಲ್ಲಿ ೧೯೬೫ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವೂ ದೊರೆಯಿತು.

ಆದುದರಿಂದ ದೀರ್ಘನಿದ್ರೆಯನ್ನು ಕಥೆಗಾರನ ಸ್ವಾತಂತ್ರ್ಯವೆಂದು ಒಪ್ಪಿ ಮುಂದುವರಿಯುವುದು ಯುಕ್ತ. ಕಾಲನಿರ್ಣಯದಲ್ಲಿ ಅಂಥ ಸ್ವಾತಂತ್ರ್ಯವು ಅವನಿಗೆ ಬೇಕಾಗಿಲ್ಲ. ಅಲ್ಲಿ ನಿಜವಾದ ಸಾಧನಗಳೇ ಸಾಕಷ್ಟಿವೆ.

೪. ಪ್ರಕೃತಿಯ ಸಾಕ್ಷ್ಯ

ಎಚ್ಚತ್ತ ಹುಡುಗನು ಮೊದಲು ನೋಡಬೇಕಾದುದು ಬಿದಿರನ್ನು. ಹೆಬ್ಬಿದಿರು ಸುಮಾರು ೪೦ರಿಂದ ೫೦ ವರ್ಷಗಳಿಗೆ ಒಮ್ಮೆ ಕಾಡಿಗೆ ಕಾಡೇ ಒಟ್ಟಿಗೆ ಹೂತು, ಅಕ್ಕಿಯನ್ನು ಉದುರಿಸಿ ಸಾಯುತ್ತದೆ. ಅವನು ಮಲಗುವಾಗ ಮೆಳೆಗಳು ಎಳೆಯವಾಗಿದ್ದು, ಎದ್ದಾಗ ಮುದಿಯಾಗಿದ್ದರೆ ಕಳೆದದ್ದು ಕೆಲವು ದಶಕಗಳಿರಬಹುದು. ಆದರೆ ಇದು ಒಂದೇ ಮುಳ್ಳಿನ ಗಡಿಯಾರ. ಎಷ್ಟು ಸುತ್ತು ಮುಗಿದಿದೆಯೆಂದು ಅದು ಹೇಳಲಾರದು.

ಇದಕ್ಕಿಂತ ದೊಡ್ಡ ಗಡಿಯಾರವು ಆಕಾಶದಲ್ಲಿದೆ. ಭೂಮಿಯ ಅಕ್ಷವು ಬುಗುರಿಯಂತೆ ತೂಗಾಡುತ್ತ ಸುಮಾರು ೨೬,೦೦೦ ವರ್ಷಗಳಲ್ಲಿ ಒಂದು ಸುತ್ತು ಹಾಕುತ್ತದೆ. ಪುಣಜನೂರಿನಲ್ಲಿ ನಿಂತವನಿಗೆ ಉತ್ತರಧ್ರುವಬಿಂದುವು ದಿಗಂತದಿಂದ ಸುಮಾರು ೧೨ ಅಂಶ ಮೇಲಿರುತ್ತದೆ. ಇಂದು ಆ ಬಿಂದುವಿನ ಬಳಿ ನಾವು ಧ್ರುವವೆನ್ನುವ ನಕ್ಷತ್ರವಿದೆ. ಬಿಂದುವಿನ ಎತ್ತರವು ಮಾರ್ಪಡುವುದಿಲ್ಲ, ಅದರ ಬಳಿಯ ನಕ್ಷತ್ರವು ಮಾರ್ಪಡುತ್ತದೆ. ಸುಮಾರು ೫,೫೦೦ ವರ್ಷಗಳ ಬಳಿಕ ಸೀಫಿಯಸ್ ಮಂಡಲದ ಉಜ್ವಲ ನಕ್ಷತ್ರವೂ, ಸುಮಾರು ೧೨,೦೦೦ ವರ್ಷಗಳ ಬಳಿಕ ಅಭಿಜಿತ್ತೂ ಆ ಸ್ಥಾನದ ಸಮೀಪಕ್ಕೆ ಬರುತ್ತವೆ. ರಾತ್ರಿಯೆಲ್ಲ ಉತ್ತರಕ್ಕೆ ಮುಖಮಾಡಿ ಕುಳಿತು ಯಾವ ನಕ್ಷತ್ರವು ಕದಲದೆ ನಿಂತಿದೆಯೆಂದು ನೋಡಿದರೆ, ಯಾವ ಉಪಕರಣವೂ ಇಲ್ಲದೆ ಸಾವಿರಗಳ ಲೆಕ್ಕದಲ್ಲಿ ಕಾಲವು ದೊರೆಯುತ್ತದೆ.

ಒಂದು ಸುತ್ತು ಮುಗಿದರೆ ಈ ಗಡಿಯಾರವೂ ಮೊದಲಿನ ಸ್ಥಾನಕ್ಕೆ ಬರುವುದರಿಂದ, ಇನ್ನೊಂದು ಅಳತೆಯು ಬೇಕಾಗುತ್ತದೆ. ನಕ್ಷತ್ರಗಳಿಗೆ ಸ್ವಂತ ಚಲನೆಯುಂಟೆಂದು ೧೭೧೮ರಲ್ಲಿ ಹ್ಯಾಲಿಯು ತೋರಿಸಿಕೊಟ್ಟನು. ಸಪ್ತರ್ಷಿಮಂಡಲದ ಏಳರಲ್ಲಿ ನಡುವಣ ಐದು ನಕ್ಷತ್ರಗಳು ಒಂದೇ ಗುಂಪಾಗಿ ಚಲಿಸುತ್ತಿವೆ; ಎರಡು ತುದಿಗಳಲ್ಲಿರುವ ಕ್ರತುವೂ ಮರೀಚಿಯೂ ಬೇರೆ ದಿಕ್ಕಿಗೆ ಸಾಗುತ್ತಿವೆ. ಲಕ್ಷ ವರ್ಷಗಳಲ್ಲಿ ಆ ಮಂಡಲದ ಆಕಾರವು ಗುರುತು ಸಿಗದಷ್ಟು ಮಾರ್ಪಡುತ್ತದೆ. ವಸಿಷ್ಠನೂ ಅರುಂಧತಿಯೂ ಐವರ ಗುಂಪಿನಲ್ಲಿಯೇ ಇರುವುದರಿಂದ ಆಗಲೂ ಜೊತೆಯಾಗಿಯೇ ಕಾಣುತ್ತಾರೆ.

ಹುಡುಗನಿಗೆ ಉಪಕರಣಗಳು ದೊರೆತರೆ ನೆಲವೂ ಮಾತಾಡುತ್ತದೆ. ಅವನ ಬಳಿಯಿದ್ದ ಮರದ ಕೋಲಿನಲ್ಲಿರುವ ವಿಕಿರಣಶೀಲ ಇಂಗಾಲವು ೫,೭೩೦ ವರ್ಷಗಳಿಗೆ ಅರ್ಧವಾಗುತ್ತದೆ. ೫೦,೦೦೦ ವರ್ಷಗಳಾದರೆ ಸುಮಾರು ನಾನೂರರಲ್ಲಿ ಒಂದು ಪಾಲು ಮಾತ್ರ ಉಳಿಯುವುದರಿಂದ ಆ ವಿಧಾನವು ಅಲ್ಲಿಗೆ ನಿಲ್ಲುತ್ತದೆ. ೧೯೪೫ರಿಂದ ನಡೆದ ಅಣುಬಾಂಬುಗಳ ಸ್ಫೋಟದಿಂದ ಲೋಕದ ಮಣ್ಣಿನಲ್ಲೆಲ್ಲ ಬೆರೆತ ಪ್ಲುಟೋನಿಯಮ್ ೨೩೯ ಸುಮಾರು ೨೪,೧೦೦ ವರ್ಷಗಳಿಗೆ ಅರ್ಧವಾಗುತ್ತ ಇನ್ನೂ ಮುಂದಿನವರೆಗೆ ಲೆಕ್ಕ ಕೊಡುತ್ತದೆ. ಭಾರತದ ನೆಲವು ವರ್ಷಕ್ಕೆ ಸುಮಾರು ೫ ಸೆಂಟಿಮೀಟರ್ ಉತ್ತರದ ಕಡೆಗೆ ಸರಿಯುತ್ತಿರುವುದರಿಂದ, ೫೦,೦೦೦ ವರ್ಷಗಳಲ್ಲಿ ಪುಣಜನೂರು ಎರಡೂವರೆ ಕಿಲೋಮೀಟರ್ ದೂರ ಹೋಗಿರುತ್ತದೆ. ಇಷ್ಟಾದರೂ ಬಿಳಿಗಿರಿಯ ಬಂಡೆಗೆ ಇದೊಂದು ಕಾಲವೇ ಅಲ್ಲ. ಆ ಬೆಟ್ಟಸಾಲಿನ ಚಾರ್ನೊಕೈಟ್ ಶಿಲೆಯು ಭೂಮಿಯ ಆಳದಲ್ಲಿ ಬೆಂದು ಇಂದಿನ ರೂಪವನ್ನು ತಾಳಿ ಸುಮಾರು ೨೫೦ ಕೋಟಿ ವರ್ಷಗಳಾಗಿವೆ.

೫. ಮನುಷ್ಯಕೃತ ಸಾಕ್ಷ್ಯ

ಪ್ರಕೃತಿಯು ಕಾಲದ ಉದ್ದವನ್ನು ಹೇಳಬಲ್ಲುದು. ಆ ಕಾಲದಲ್ಲಿ ಏನು ನಡೆಯಿತೆಂದು ಹೇಳಲಾರದು. ಅದಕ್ಕಾಗಿ ಹುಡುಗನು ಮನುಷ್ಯರ ಕುರುಹುಗಳನ್ನು ಹುಡುಕಬೇಕು. ಮೊದಲು ಊರ ಹೆಸರುಗಳನ್ನೇ ತೆಗೆದುಕೊಳ್ಳೋಣ. ಈ ಸೀಮೆಯಲ್ಲಿ ಎರಡೂಕಾಲು ಶತಮಾನಗಳ ಹಿಂದೆ ಮಲಗಿದವನು ಇಂದು ಎದ್ದು ಅರಿಕುಠಾರಕ್ಕೆ ದಾರಿಯನ್ನು ಕೇಳಿದರೆ, ಹೆಚ್ಚಿನವರಿಗೆ ಅದು ಗೊತ್ತಾಗದು. ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿನಿಂದ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. ಮೈಸೂರು ಜಿಲ್ಲೆಗೆ ಸೇರಿದ್ದ ಈ ಊರು ೧೯೯೭ರಲ್ಲಿ ತಾನೇ ಜಿಲ್ಲೆಯ ಕೇಂದ್ರವಾಯಿತು. ಪುಣಜನೂರಿನ ಮೂಲಕ ಹೋಗುವ ಹೆದ್ದಾರಿಗೆ ೨೦೯ ಎಂಬ ಸಂಖ್ಯೆಯಿದ್ದದ್ದು ೯೪೮ ಆಯಿತು. ಇಷ್ಟೆಲ್ಲ ನಡೆದುದು ಇನ್ನೂರು ವರ್ಷಗಳ ಒಳಗೆ.

ಕಲ್ಲಿನ ಮೇಲಿನ ಬರಹವು ಇದಕ್ಕಿಂತ ಬಾಳಿಕೆಯುಳ್ಳದ್ದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ೧೧೧೭ರಲ್ಲಿ ಇದೇ ಅರಿಕುಠಾರದಲ್ಲಿ ಬಸದಿಯೊಂದನ್ನು ಕಟ್ಟಿಸಿ ಶಾಸನವನ್ನು ಹಾಕಿಸಿದನು. ನಮ್ಮ ದಾನಶಾಸನಗಳು ಸೂರ್ಯಚಂದ್ರರಿರುವವರೆಗೆ ದತ್ತಿಯು ನಡೆಯಲೆಂದು ಹಾರೈಸುವುದು ಪ್ರಸಿದ್ಧವಷ್ಟೆ. ಅವು ದೂರದ ಭವಿಷ್ಯವನ್ನು ನೇರವಾಗಿ ಉದ್ದೇಶಿಸಿದ ಬರಹಗಳು. ಪುಣಿಸನ ಶಾಸನವನ್ನು ಒಂಬೈನೂರು ವರ್ಷಗಳಾದ ಮೇಲೂ ಓದುತ್ತೇವೆ. ಆದರೆ ಓದಬಲ್ಲವರು ಹಳಗನ್ನಡವನ್ನು ಕಲಿತವರು ಮಾತ್ರ. ಕಲ್ಲು ಉಳಿದರೂ ಭಾಷೆಯು ಹಾಗೆಯೇ ಉಳಿಯಲಿಲ್ಲ.

ಇದು ನಮ್ಮ ಹುಡುಗನಿಗೆ ಮುಖ್ಯವಾದ ವಿಷಯ. ಎಚ್ಚತ್ತವನು ಎದುರಿಗೆ ಬಂದವರೊಡನೆ ಸುಲಭವಾಗಿ ಸಂಭಾಷಿಸುವುದು ಇಂಥ ಕಾದಂಬರಿಗಳಲ್ಲಿ ಸಾಮಾನ್ಯ. ಭಾಷೆಯ ಇತಿಹಾಸವನ್ನು ಬಲ್ಲವರು ಇದನ್ನು ಒಪ್ಪಲಾರರು. ಕ್ರಿ.ಶ. ೪೫೦ರ ಸುಮಾರಿನ ಹಲ್ಮಿಡಿ ಶಾಸನದ ಕಾಲದವನೊಬ್ಬನು ಇಂದು ಎದ್ದರೆ ನಮ್ಮ ಮಾತು ಅವನಿಗೆ ತಿಳಿಯದು. ಅವನ ಪಾಲ್ ನಮಗೆ ಹಾಲು, ಅವನ ಪುಲಿ ನಮಗೆ ಹುಲಿ. ಅವನು ಬೇರೆ ಬೇರೆಯಾಗಿ ಉಚ್ಚರಿಸುತ್ತಿದ್ದ ಱ ಮತ್ತು ೞ ಎಂಬ ಧ್ವನಿಗಳು ರಕಾರ ಳಕಾರಗಳಲ್ಲಿ ಲೀನವಾಗಿವೆ. ವಿಭಕ್ತಿಪ್ರತ್ಯಯಗಳೂ ಕ್ರಿಯಾರೂಪಗಳೂ ಮಾರ್ಪಟ್ಟಿವೆ.

ಅಮೆರಿಕದ ಭಾಷಾಶಾಸ್ತ್ರಜ್ಞ ಮಾರಿಸ್ ಸ್ವಾಡೆಶನು ೧೯೫೦ರ ದಶಕದಲ್ಲಿ ಇದಕ್ಕೊಂದು ಲೆಕ್ಕವನ್ನು ಮಾಡಿದನು. ನೀರು, ಕಣ್ಣು, ಎರಡು ಮೊದಲಾದ ನೂರು ಮೂಲಪದಗಳಲ್ಲಿ ಸಾವಿರ ವರ್ಷಗಳಿಗೆ ಸುಮಾರು ೮೬ ಉಳಿಯುತ್ತವೆಂದು ಅವನ ಊಹೆ. ಅದರಂತೆ ೫,೦೦೦ ವರ್ಷಗಳಲ್ಲಿ ಸುಮಾರು ೪೭, ೧೦,೦೦೦ ವರ್ಷಗಳಲ್ಲಿ ೨೨ ಪದಗಳು ಮಾತ್ರ ಉಳಿಯಬೇಕು. ಎಲ್ಲ ಭಾಷೆಗಳೂ ಒಂದೇ ವೇಗದಿಂದ ಮಾರ್ಪಡುವುದಿಲ್ಲವೆಂದು ಮುಂದಿನ ವಿದ್ವಾಂಸರು ಆ ಲೆಕ್ಕವನ್ನು ಅಲ್ಲಗಳೆದಿದ್ದಾರೆ. ಆದರೂ ಮಾರ್ಪಾಟಿನ ಪ್ರಮಾಣವನ್ನು ಮನಸ್ಸಿಗೆ ತಂದುಕೊಳ್ಳಲು ಅದು ಸಾಕು. ಉಳಿದ ಪದಗಳ ಧ್ವನಿಯೂ ಬೇರೆಯಾಗಿರುತ್ತದೆಂಬುದನ್ನು ಇದರೊಡನೆ ಸೇರಿಸಿಕೊಳ್ಳಬೇಕು.

೬. ನೆನಪಿನ ಸಾಕ್ಷ್ಯ

ಇನ್ನು ಉಳಿದುದು ಅಕೂಪಾರನ ಬಗೆಯ ಸಾಕ್ಷ್ಯ. ಇದರ ಬೆಲೆಯನ್ನು ಆಧುನಿಕರು ಅನಿರೀಕ್ಷಿತವಾದ ಸಂದರ್ಭವೊಂದರಲ್ಲಿ ಕಂಡುಕೊಂಡರು. ಅಣುತ್ಯಾಜ್ಯವನ್ನು ಹೂಳುವ ಸ್ಥಳಗಳನ್ನು ಹತ್ತು ಸಾವಿರ ವರ್ಷಗಳವರೆಗೆ ಯಾರೂ ಅಗೆಯದಂತೆ ಎಚ್ಚರಿಸುವುದು ಹೇಗೆಂದು ವಿಚಾರಮಾಡಲು ಅಮೆರಿಕದ ಸರಕಾರವು ೧೯೮೧ರಲ್ಲಿ ವಿದ್ವಾಂಸರನ್ನು ಕೂಡಿಸಿತು. ಯಾವ ಭಾಷೆಯೂ ಯಾವ ಚಿಹ್ನೆಯೂ ಅಷ್ಟುಕಾಲ ಅರ್ಥವಾಗುವ ಭರವಸೆಯಿಲ್ಲ. ಸಂಕೇತವಿಜ್ಞಾನಿಯಾದ ತಾಮಸ್ ಸೆಬೆಯೊಕನು ೧೯೮೪ರಲ್ಲಿ ಒಂದು ಸಲಹೆಯನ್ನು ಕೊಟ್ಟನು: ಎಚ್ಚರಿಕೆಯನ್ನು ಐತಿಹ್ಯವಾಗಿಯೂ ಆಚರಣೆಯಾಗಿಯೂ ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸುತ್ತ, ಆಯಾ ಕಾಲದ ಮಾತಿನಲ್ಲಿ ಹೊಸದಾಗಿ ಹೇಳುತ್ತ ಬರಬೇಕು. ಹತ್ತು ಸಾವಿರ ವರ್ಷಗಳೆಂದರೆ ಸುಮಾರು ಮುನ್ನೂರು ತಲೆಮಾರು.

ಪುಣಜನೂರಿನ ಸುತ್ತಣ ಬೆಟ್ಟಗಳಲ್ಲಿ ಇಂಥ ಒಪ್ಪಿಸುವಿಕೆಯು ನಡೆದುಬಂದಿದೆ. ಸೋಲಿಗರ ಕುಲಗಳು ಕಾಡನ್ನು ಎಲ್ಲೆಗಳಾಗಿ ಹಂಚಿಕೊಂಡಿವೆ. ಪ್ರತಿಯೊಂದು ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾಸ್ಥಾನಗಳಿವೆ. ಒಂದೊಂದಕ್ಕೂ ಒಂದೊಂದು ಕಥೆಯೂ ನಡವಳಿಕೆಯೂ ಉಂಟು. ಬಿಳಿಗಿರಿರಂಗನು ಸೋಲಿಗರ ಕುಸುಮಾಲೆಯನ್ನು ಮದುವೆಯಾದುದರಿಂದ ಅವರಿಗೆ ಭಾವನಾಗುತ್ತಾನೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆಯ ಮರವು ಅವರಿಗೆ ದೇವರು. ಅದಕ್ಕೆ ಆರುನೂರು ವರ್ಷಗಳಿಗೂ ಮೇಲಾಗಿದೆಯೆಂಬ ನಂಬಿಕೆಯಿದೆ. ಸೋಲಿಗರೂ ಸಂಶೋಧಕರೂ ಸೇರಿ ಇಂಥ ನೂರಾರು ಸ್ಥಳಗಳನ್ನು ನಕ್ಷೆಗಿಳಿಸಿದ್ದಾರೆ.

ಈ ನೆನಪು ಕೇವಲ ಪೂಜೆಯದಲ್ಲ. ಸೋ‍ಲಿಗರು ಹಿಂದೆ ಬೇಸಗೆಯು ಬಲಿಯುವ ಮೊದಲೇ ನೆಲದ ಮೇಲಣ ತರಗೆಲೆಗೆ ಸಣ್ಣ ಬೆಂಕಿಯನ್ನು ಹಚ್ಚುತ್ತಿದ್ದರು. ಅದಕ್ಕೆ ತರಗುಬೆಂಕಿಯೆಂದು ಹೆಸರು. ೧೯೭೪ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಪೋಡುಗಳು ಸ್ಥಳಾಂತರಗೊಂಡುವು; ಕುಮರಿ ಬೇಸಾಯ, ಬೇಟೆ, ತರಗುಬೆಂಕಿ ಮೂರೂ ನಿಂತುವು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕ ಖಂಡದಿಂದ ತೋಟದ ಹೂವಾಗಿ ಭಾರತಕ್ಕೆ ಬಂದ ಲಂಟಾನ ಗಿಡವು ಮುಂದೆ ಈ ಕಾಡನ್ನು ವೇಗವಾಗಿ ಆವರಿಸಿತು. ೧೯೯೭ರಲ್ಲಿಯೂ ೨೦೦೮ರಲ್ಲಿಯೂ ನಡೆದ ಎರಡು ಸಮೀಕ್ಷೆಗಳ ನಡುವೆ ಅದು ಕಾಣಿಸಿಕೊಂಡ ಜಾಗಗಳು ಹೆಚ್ಚುಕಡಮೆ ಇಮ್ಮಡಿಯಾದುವು. ನೆಲ್ಲಿಯ ಮರಗಳ ಮೇಲೆ ಉಪ್ಪಿಲು ಎಂಬ ಬದನಿಕೆಯೂ ಹೆಚ್ಚಿತು. ತರಗುಬೆಂಕಿಯು ನಿಂತುದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತಾರೆ. ಈ ಅಭಿಪ್ರಾಯವನ್ನು ಪರಿಸರವಿಜ್ಞಾನಿಗಳು ದಾಖಲಿಸಿ, ಪರೀಕ್ಷೆಗೆ ತಕ್ಕುದೆಂದು ಎಣಿಸಿದ್ದಾರೆ. ಬೆಂಕಿಯ ಪರಿಣಾಮದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಇದೆ.

ಮುಚುಕುಂದನ ಕಥೆಯೊಡನೆ ಇದನ್ನು ಹೋಲಿಸಿ ನೋಡಬೇಕು. ೧೯೭೪ರಲ್ಲಿ ಹತ್ತು ವರ್ಷದವನಾಗಿದ್ದ ಸೋಲಿಗನು ೨೦೦೮ರಲ್ಲಿ ನಲವತ್ತನಾಲ್ಕರವನು. ಅವನು ಒಂದು ದಿನವೂ ಅತಿಯಾಗಿ ನಿದ್ರಿಸಿದವನಲ್ಲ. ಆದರೂ ಬಾಲ್ಯದಲ್ಲಿ ಅವನು ತಲೆಯೆತ್ತಿ ದೂರದವರೆಗೆ ನೋಡುತ್ತಿದ್ದ ಕಾಡಿನ ಬದಲು, ಎದೆಯೆತ್ತರದ ಪೊದೆಗಳು ದಾರಿಯನ್ನು ಮುಚ್ಚಿದ ಕಾಡನ್ನು ಅವನು ಕಾಣುತ್ತಾನೆ. ಗಿಡಮರಗಳ ಅಳತೆಯಿಂದ ಯುಗವು ಬದಲಾಯಿತೆಂದು ಮುಚುಕುಂದನು ಅರಿತಂತೆಯೇ ಅವನೂ ಅರಿಯುತ್ತಾನೆ. ಆದರೆ ಮುಚುಕುಂದನಿಗೆ ಬದಲಾವಣೆಯ ಎರಡು ತುದಿಗಳು ಮಾತ್ರ ಗೊತ್ತು. ಇವನಿಗೆ ನಡುವಣ ಒಂದೊಂದು ವರ್ಷವೂ ಗೊತ್ತು. ಏನು ಹೋಯಿತೆಂಬುದರೊಡನೆ ಏಕೆ ಹೋಯಿತೆಂಬ ವಿಚಾರವನ್ನೂ ಇವನು ಹೇಳಬಲ್ಲನು.

೨೦೦೬ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ ೨೦೧೧ರಲ್ಲಿ ಇಲ್ಲಿಯ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕುಗಳು ದೊರೆತುವು. ಅದೇ ವರ್ಷದಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಮಾನ್ಯವಾದುದು ದೇಶದಲ್ಲಿ ಇದೇ ಮೊದಲು. ಹಕ್ಕಿನ ಪ್ರಶ್ನೆಯು ನಮ್ಮ ವಿಷಯಕ್ಕೆ ಹೊರಗಿನದೆಂದು ತೋರಬಹುದು, ಆದರೆ ಹಾಗಲ್ಲ. ಎಲ್ಲೆಯಲ್ಲಿ ಓಡಾಡುವ ಅವಕಾಶವಿಲ್ಲದ ತಲೆಮಾರಿಗೆ ಎಲ್ಲೆಯ ಹೆಸರುಗಳು ಬಾರವು. ಸ್ಥಳವನ್ನು ತೋರಿಸದೆ ಸ್ಥಳದ ಕಥೆಯನ್ನು ಒಪ್ಪಿಸುವುದು ಕಷ್ಟ. ನಕ್ಷತ್ರಗಳ ಸಾಕ್ಷ್ಯವು ನಾವು ಏನು ಮಾಡಿದರೂ ಉಳಿಯುತ್ತದೆ. ನೆನಪಿನ ಸಾಕ್ಷ್ಯವು ಒಂದು ತಲೆಮಾರಿನಲ್ಲಿಯೇ ಕಡಿದುಹೋಗಬಲ್ಲುದು.

೭. ಉಪಸಂಹಾರ

ಮೇಲಿನ ವಿವೇಚನೆಯನ್ನು ಒಟ್ಟುಗೂಡಿಸಿದರೆ ನಮ್ಮ ಹುಡುಗನ ಮುಂದೆ ಇಂಥ ಮೆಟ್ಟಿಲುಗಳು ಕಾಣುತ್ತವೆ. ಐವತ್ತು ವರ್ಷಗಳ ನಿದ್ರೆಯಾಗಿದ್ದರೆ ಬಿದಿರು, ಹೆದ್ದಾರಿಯ ಹಲಗೆ, ಕಿಸೆಯ ನಾಣ್ಯ ಇವುಗಳಿಂದ ಅವನು ಕಾಲವನ್ನು ಅರಿಯಬಹುದು. ಅವನನ್ನು ಬಲ್ಲವರೂ ಬದುಕಿರಬಹುದು. ಐನೂರು ವರ್ಷಗಳಾಗಿದ್ದರೆ, ನಾವು ಕುಮಾರವ್ಯಾಸನನ್ನು ಓದುವಂತೆ ಪ್ರಯಾಸದಿಂದ ಜನರ ಮಾತನ್ನು ಹಿಡಿಯಬಹುದು. ಐದು ಸಾವಿರವಾಗಿದ್ದರೆ ಮಾತು ತಪ್ಪಿಹೋಗಿರುತ್ತದೆ. ಧ್ರುವದ ಸ್ಥಾನದಿಂದ ಮಾತ್ರ ಲೆಕ್ಕ. ಐವತ್ತು ಸಾವಿರವಾಗಿದ್ದರೆ ಸಪ್ತರ್ಷಿಗಳ ಆಕಾರವೂ ಮಣ್ಣಿನ ಪ್ಲುಟೋನಿಯಮ್ಮೂ ಸಾಕ್ಷಿ ಹೇಳಬೇಕು. ಕಾಲವು ದೂರವಾದಂತೆ ಅಳತೆಯು ಮನುಷ್ಯರಿಂದ ದೂರವಾಗುತ್ತ ಹೋಗುತ್ತದೆ.

ಕನ್ನಡದಲ್ಲಿ ವಿಜ್ಞಾನವನ್ನು ತರುಣರಿಗೆ ಮುಟ್ಟಿಸುವ ಪ್ರಯತ್ನವು ಹೊಸದಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ೧೯೮೦ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಾರುವ ಓತಿಯೊಂದನ್ನು ಅರಸುತ್ತ ಕೋಟ್ಯಂತರ ವರ್ಷಗಳ ಹಿಂದಣ ಕಾಲವನ್ನು ಮಲೆನಾಡಿನ ಕಾಡಿನೊಳಗೆ ತಂದಿತು. ಅಲ್ಲಿ ವಿಜ್ಞಾನಿಯಷ್ಟೇ ಮುಖ್ಯನಾದವನು ಕಾಡನ್ನು ಬಲ್ಲ ಮಂದಣ್ಣ. ಅದೇ ಬಗೆಯಲ್ಲಿ ಮುಂದಣ ಕಾಲವನ್ನು ಕುರಿತು ಬರೆಯುವವರಿಗೆ ಪುಣಜನೂರಿನಂಥ ನೆಲೆಯು ಬೇಕಾದಷ್ಟು ಸಾಮಗ್ರಿಯನ್ನು ಒದಗಿಸಬಲ್ಲುದು.

ಅಧ್ಯಾಪಕರು ತರಗತಿಯಲ್ಲಿ ಈ ವಿಷಯವನ್ನು ಅಭ್ಯಾಸವಾಗಿ ಕೊಡಬಹುದು. ವಿದ್ಯಾರ್ಥಿಯು ತನ್ನ ಊರಿನಲ್ಲಿಯೇ ನೂರು ವರ್ಷ ನಿದ್ರಿಸಿ ಎದ್ದನೆಂದು ಭಾವಿಸಿ, ಯಾವ ಮೂರು ಗುರುತುಗಳಿಂದ ಕಾಲವನ್ನು ನಿರ್ಣಯಿಸುವನೆಂದು ಬರೆಯಲಿ. ಒಂದು ಗುರುತು ಪ್ರಕೃತಿಯದು, ಒಂದು ವಸ್ತುವಿನದು, ಒಂದು ಮನುಷ್ಯರ ನೆನಪಿನದು ಆಗಿರಲಿ. ಮೊದಲ ಎರಡನ್ನು ಅವನು ಪುಸ್ತಕದಿಂದ ಬರೆಯಬಲ್ಲನು. ಮೂರನೆಯದಕ್ಕಾಗಿ ಊರಿನ ಹಿರಿಯರ ಬಳಿಗೆ ಹೋಗಿ, ಅವರು ಚಿಕ್ಕವರಾಗಿದ್ದಾಗ ಕೆರೆಯೂ ಕಾಡೂ ದಾರಿಯೂ ಹೇಗಿದ್ದುವೆಂದು ಕೇಳಿ ಬರೆದುಕೊಳ್ಳಬೇಕಾಗುತ್ತದೆ. ಹೀಗೆ ಬರೆದಿಟ್ಟುಕೊಂಡದ್ದನ್ನು ಕಾಲೇಜಿನ ಗ್ರಂಥಭಂಡಾರದಲ್ಲಿ ವರ್ಷ ವರ್ಷವೂ ಕೂಡಿಡುತ್ತ ಬಂದರೆ, ನಿದ್ರಿಸದೆಯೇ ಮುಂದಿನ ಕಾಲಕ್ಕೆ ತಲಪುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.